ದೇವಾನಂದ ಮಾಸ್ತರನ ತಾಜಾ ಸಾಕ್ಷಿ

ಡ್ರಾಯಿಂಗ್ ಮಾಸ್ತರ ದೇವಾನಂದನ ಬಳಿ ಇದ್ದದ್ದು ಒಂದೇ ಒಂದು ಸಾಕ್ಷಿ. ಹನ್ನೆರಡು ವರ್ಷದ ಹಿಂದೆ ಭಂಕೂರ ಕ್ರಾಸಿನಲ್ಲಿ ತಾನು ಕೂತಿದ್ದ ಟಂಟಂ ಆಟೋ ಪಲ್ಟಿಯಾಗಿ, ದೇವರ ದಯೆಯಿಂದ ಒಂದು ಚಪ್ಪಲಿ ಕಳೆದದ್ದು ಬಿಟ್ಟರೆ ಏನೂ ಆಗದೆ ಉಳಿದದ್ದು.

ಶಹಾಬಾದಿನ ಚರ್ಚಿನ ಸಭೆಯವರು ಶನಿವಾರಕ್ಕೊಂದು ಮನೆಯಂತೆ ಪ್ರಾರ್ಥನೆಗೆ ಸೇರುತ್ತಿದ್ದರು. ಕೂಟ ಯಾರ ಮನೆಯಲ್ಲೋ ಆ ಮನೆಯ ಯಜಮಾನ ಎದ್ದು ನಿಂತು, ದೇವರು ತನಗೆ ಮಾಡಿದ ಉಪಕಾರದ ಸಾಕ್ಷಿ ಹೇಳಬೇಕು. ದೇವಾನಂದನ ಪಾಳಿ ಬಂದಾಗಲೆಲ್ಲ ಟಂಟಂ ಪಲ್ಟಿಯಾಗುತ್ತಿತ್ತು. ಏಳು ಸಲ ಸಾಕ್ಷಿ ಕೇಳಿ ಮಂದಿಗೂ ಸಾಕಾಗಿತ್ತು. ಚಪ್ಪಲಿ ಎಡಗಾಲಿನದೋ ಬಲಗಾಲಿನದೋ ಎಂದು ಈಗ ಅವರೇ ಅವನನ್ನು ತಿದ್ದುತ್ತಿದ್ದರು.

ಈ ಸಲ ಪಾಸ್ಟರು ಮೊದಲೇ ತಾಕೀತು ಮಾಡಿದ್ದರು. "ದೇವರು ನಿಮಗ ಮಾಡಿದ್ದು ಭಾಳ ಕೇಳೀವಿ ಮಾಸ್ತರ್ರೆ. ನೀವು ಮಂದಿಗಿ ಏನ್ ಮಾಡೀರಿ, ಅದು ಹೇಳ್ರಿ. ನಂಬಿಕಿ ಬರೇ ಐತವಾರದ್ದಲ್ಲ. ಮತ್ತ ಮಾಡೂಕಿಂತ ಮೊದಲ ಡಂಗುರ ಹೊಡೀಬ್ಯಾಡ್ರಿ."

ಹೆಂಡತಿ ಕರುಣಾ ಇನ್ನೂ ಚುಟುಕಾಗಿ ಹೇಳಿದ್ದಳು. "ಇವತ್ತ ಸಂಜಿಕಿ ಆ ಟಂಟಂ ಮತ್ತ ಪಲ್ಟಿ ಆತಂದ್ರ, ನಾ ಚಿತ್ತಾಪುರದ ತವರಿಗಿ ಹೊಂಟೆ ನೋಡ್ರಿ."

ಶನಿವಾರ ಬೆಳಗ್ಗೆ ದೇವಾನಂದ ಶಾಲೆಗೆ ರಜೆ ಹಾಕಿ, ಒಳ್ಳೇದು ಎಲ್ಲಿ ಸಿಕ್ಕೀತು ಎಂದು ಬಾಗಿಲಲ್ಲಿ ನಿಂತು ಹುಡುಕಿದ. ಕಣ್ಣೆದುರೇ ಸಿಕ್ಕಿತು. ಗಲ್ಲಿಯ ಗಟಾರದ ಮೇಲೆ ಮುಚ್ಚಿದ್ದ ಫರಸಿ ಕಲ್ಲು ಒಡೆದು ವರ್ಷವಾಗಿತ್ತು. ಮುದುಕರು, ಮಕ್ಕಳು, ಎಮ್ಮೆಗಳು ಜಾತಿಭೇದವಿಲ್ಲದೆ ಅದರಲ್ಲಿ ಕಾಲಿಡುತ್ತಿದ್ದರು. ಅವನ ಅಂಗಳದ ಗೋಡೆಗೆ ಒಂದು ಹೊಸ ಫರಸಿ ಒರಗಿ ನಿಂತಿತ್ತು. ಅದನ್ನು ಒಯ್ದು ಇದರ ಮೇಲಿಟ್ಟರೆ ಸಾಕ್ಷಿ ತಯಾರು!

ಹದಿನೆಂಟು ವರ್ಷ ಬೋರ್ಡಿನ ಮೇಲೆ ಕಲ್ಲು, ಗುಡ್ಡ, ಕೋಟೆ ಎಲ್ಲ ಬರೆದವನು, ಒಂದನ್ನೂ ಎತ್ತಿದವನಲ್ಲ. ಫರಸಿಯನ್ನು ತಬ್ಬಿ ಜಗ್ಗಿದ. ಕಲ್ಲು ಕದಲಲಿಲ್ಲ, ಸೊಂಟ ಕದಲಿತು.

"ಏನ್ರೀ ಮಾಸ್ತರ್, ಮುಂಜಾನಿ ಮುಂಜಾನಿ ಕಲ್ಲಿಗಿ ಅಪ್ಕೊಂಡು ನಿಂತೀರಿ?" ಪಕ್ಕದ ಮನೆಯ ಅಂಬುಬಾಯಿ ಕಾಂಪೌಂಡಿನ ಮೇಲಿಂದ ಇಣುಕಿದಳು.

"ಏನಿಲ್ರೀ ವೈನಿ, ಸುಮ್ನ."

"ಸುಮ್ನ ಯಾರರ ಕಲ್ಲ ಎತ್ತತಾರೇನ್ರೀ? ಖಾಜಾಭಾಯಿ, ಬರ್ರಿ ಇಲ್ಲಿ! ಮಾಸ್ತರಿಗಿ ಏನೋ ಆಗ್ಯದ!"

ಎದುರಿನ ಪಂಕ್ಚರ್ ಅಂಗಡಿಯ ಖಾಜಾಮಿಯಾ ಕೈ ಒರೆಸಿಕೊಳ್ಳುತ್ತ ಬಂದ. ಕಲ್ಲು ನೋಡಿದ, ಗಟಾರ ನೋಡಿದ, ಮಾಸ್ತರನ ಮುಖ ನೋಡಿ ನಕ್ಕ. "ತಿಳೀತು ಬಿಡು. ಮುನ್ಸಿಪಾಲ್ಟಿ ಎಲೆಕ್ಷನ್ ಬರ್ಲಿಕತ್ತದ. ಈ ಗಟಾರಕ್ಕ ಕೈ ಹಚ್ಚಿದವ್ರೆಲ್ಲ ಓಟ ಕೇಳಿದವ್ರೇ. ಯಾವ ಪಾರ್ಟಿ, ಅದರ ಹೇಳು."

"ಯಾವ ಪಾರ್ಟೀನೂ ಇಲ್ಲ ಮಾರಾಯಾ!"

"ಪಕ್ಷೇತರ!" ಎಂದಳು ಅಂಬುಬಾಯಿ, ಗೆದ್ದವಳಂತೆ.

ಖಾಜಾಮಿಯಾ ಕಲ್ಲಿನ ಒಂದು ಕಡೆ ಕೈ ಹಾಕಿದ. ದೇವಾನಂದ ಹೌಹಾರಿದ. ಇಬ್ಬರು ಎತ್ತಿದರೆ ಸಾಕ್ಷಿ ಅರ್ಧವಾಗಿಬಿಡುತ್ತದಲ್ಲ! "ಬ್ಯಾಡ ಬ್ಯಾಡ! ಇದು ನಾ ಒಬ್ಬನೇ ಮಾಡ್ಬೇಕು!"

ಈ ಮಾತಿನಿಂದ ಗಲ್ಲಿಯ ಕುತೂಹಲ ಒಲೆಯ ಮೇಲಿನ ಹಾಲಿನಂತೆ ಉಕ್ಕಿತು. ಹನ್ನೊಂದರ ಹೊತ್ತಿಗೆ ಮೂವತ್ತು ಮಂದಿ ಸೇರಿದ್ದರು. ಮೂಲೆಮನೆಯ ಮುದುಕಿ ಅಮೀರ್ಬೀ ಸ್ಟೂಲು ತರಿಸಿಕೊಂಡು ಕುಳಿತಳು. "ಆರಿಸಿ ಬಂದ ಮ್ಯಾಲ ನಮ್ಮ ಮನಿ ಮುಂದ ಒಂದ ನಳ ಹಾಕಿಸು ಬೇಟಾ."

ದೇವಾನಂದ ಕಲ್ಲನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ, ಆ ಮೂಲೆಯಿಂದ ಈ ಮೂಲೆಗೆ ಹೊರಳಿಸುತ್ತ, ಕುಡಿದವನನ್ನು ಮನೆಗೆ ಕರೆದೊಯ್ಯುವಂತೆ ನಡೆಸಿದ. ಗಟಾರಕ್ಕೆ ಇನ್ನೊಂದೇ ಗೇಣು.

"ಮಾಸ್ತರ್, ಗುರುತು ಯಾವ್ದು?" ಹಿಂದಿನಿಂದ ಯಾರೋ ಕೂಗಿದರು.

ಇವನು ತಿರುಗಿದ. ಕೈ ಜಾರಿತು. ಕಲ್ಲು ಎಡಗಾಲ ಹೆಬ್ಬೆರಳಿನ ಮೇಲೆ ಬಿತ್ತು. ಅಯ್ಯಯ್ಯೋ ಎಂದು ಬಲಗಾಲಲ್ಲಿ ಕುಣಿದವನು ಕುಣಿಯುತ್ತಲೇ ಗಟಾರಕ್ಕಿಳಿದ. ಎಲೆಕ್ಷನ್ನಿಗೆ ನಿಲ್ಲುವ ಮೊದಲೇ ಅಭ್ಯರ್ಥಿ ಬಿದ್ದಿದ್ದ.

ಆಮೇಲೆ ಎಲ್ಲ ಸರಸರ ನಡೆಯಿತು. ಖಾಜಾಮಿಯಾ ಅವನನ್ನು ಮೇಲೆತ್ತಿ, ಅದೇ ಕೈಯಲ್ಲಿ ಫರಸಿಯನ್ನೂ ಗಟಾರದ ಮೇಲೆ ಕೂರಿಸಿದ. ಅಮೀರ್ಬೀ "ತೋಬಾ ತೋಬಾ" ಎನ್ನುತ್ತ ನಾಲ್ಕು ಕೊಡ ನೀರು ಸುರಿಸಿ ತೊಳೆಸಿದಳು. ಅಂಬುಬಾಯಿ ಅರಿಶಿಣ ಒತ್ತಿ ಹಳೇ ಸೀರೆಯ ತುಂಡು ಕಟ್ಟಿದಳು. ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಪಾಸ್ಟರು ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ದು, ನಾಲ್ಕು ಹೊಲಿಗೆ ಹಾಕಿಸಿ ತಂದರು.

ಸಂಜೆ ಕೂಟಕ್ಕೆ ಮನೆ ತುಂಬಿತ್ತು. ಸಭೆಯವರ ಜೊತೆ ಅಭ್ಯರ್ಥಿಯನ್ನು ನೋಡಲು ಗಲ್ಲಿಯೂ ಬಂದಿತ್ತು. ಹಾಡು ಮುಗಿಯಿತು. ದೇವಾನಂದ ಒಂಟಿಕಾಲಲ್ಲಿ ಎದ್ದ.

"ಇವತ್ತ ನಾ ನಮ್ಮ ಗಲ್ಲಿಯ ಗಟಾರದ ಮ್ಯಾಲ ಫರಸಿ..."

"ಹಾಕಿದವ ನಾ ಅಲ್ಲೇನು?" ಬಾಗಿಲಿನಿಂದ ಖಾಜಾಮಿಯಾ. "ಪಾಸ್ಟರ್ ಸಾಬ್, ಇಲ್ಲಿ ಏನ್ ಹೇಳೂದದ?"

"ಮಂದಿಗಿ ನಾವು ಏನ್ ಒಳ್ಳೇದು ಮಾಡೀವಿ, ಅದು."

"ಹಂಗಾದ್ರ ನಂದು ಎರಡ ಅವ. ಫರಸಿ ಹಾಕಿದ್ದೊಂದು, ಮಾಸ್ತರ್‌ಗಿ ಎತ್ತಿದ್ದೊಂದು."

"ತೊಳಿಸಿದಾಕಿ ನಾ," ಎಂದಳು ಅಮೀರ್ಬೀ.

"ಅರಿಶಿಣ ನಂದು. ಸೀರಿನೂ ನಂದೇ," ಎಂದಳು ಅಂಬುಬಾಯಿ.

ಪಾಸ್ಟರು ಕೆಮ್ಮಿದರು. "ಖರೇ ಹೇಳಬೇಕಂದ್ರ... ದವಾಖಾನಿಗಿ ಒಯ್ದದ್ದು ನಾನೇ."

ಪ್ರತಿಯೊಬ್ಬರ ಮಾತಿಗೂ ಸಭೆ "ದೇವರಿಗೆ ಸ್ತೋತ್ರ" ಎಂದಿತು. ಒಳ್ಳೇದು ಮಾಡಿದವರೆಲ್ಲ ಮುಗಿದ ಮೇಲೆ ಉಳಿದವನು ಮಾಡಿಸಿಕೊಂಡವನೊಬ್ಬನೇ. ದೇವಾನಂದನ ನಾಲಿಗೆಯ ತುದಿಗೆ ಟಂಟಂ ಬಂದು ನಿಂತಿತು. ಕರುಣಾಳ ಮುಖ ನೋಡಿದ, ನುಂಗಿಕೊಂಡು ಕುಳಿತ.

ಪಾಸ್ಟರಿಗೆ ಖುಷಿಯೋ ಖುಷಿ. "ಇಷ್ಟು ತಾಜಾ ಸಾಕ್ಷಿ ಒಂದೇ ಮನ್ಯಾಗ ನಾ ಎಂದೂ ಕೇಳಿಲ್ಲ! ಮುಂದಿನ ಶನಿವಾರನೂ ಕೂಟ ಇಲ್ಲೇ ಇಡಮು. ಮಾಸ್ತರ್ ಸಾಕ್ಷಿ ಅವಾಗ ಆಗ್ಲಿ."

ಚಹಾ ಕುಡಿದು ಎಲ್ಲರೂ ಎದ್ದರು. ಸಭೆಯ ಹಿರಿಯಳು ಮಾಣಿಕಮ್ಮ ಮಾತ್ರ ಮುಖ ಊದಿಸಿಕೊಂಡು ಅವನ ಹತ್ತಿರ ಬಂದಳು.

"ಎಲ್ಲಾರಿಗೂ ಒಂದೊಂದು ಸಾಕ್ಷಿ ಕೊಟ್ಟಿ ಮಾಸ್ತರ. ನಾ ಸೇಡಂದಿಂದ ಬರೂದ್ರಾಗ ಎಲ್ಲಾ ಮುಗಿಸಿಬಿಟ್ಟಿ."

ಬಗ್ಗಿ, ಪಟ್ಟಿ ಕಟ್ಟದ ಅವನ ಬಲಗಾಲನ್ನು ಆಸೆಯಿಂದ ನೋಡಿದಳು.

"ಇದಕ್ಕಿನ್ನಾ ಏನೂ ಆಗಿಲ್ಲಲ್ಲ? ಸೋಮವಾರ ನಾ ಊರಾಗೇ ಇರ್ತೀನಪ್ಪಾ."