ಅಕ್ಕನ ಬ್ಯಾಟಿಗೆ ಅಡ್ಡ ಬಂದ ಸಂಗೀತ

ಹಳೆಯ ಬೇಸ್‌ಬಾಲ್ ವಿಡಿಯೋ ಗೇಮಿನ ತಯಾರಕರಲ್ಲಿ ಸಂಗೀತ ವಿಭಾಗವನ್ನು ಅಲಂಕರಿಸಿರುವ ಮುಖ್ಯಸ್ಥರಿಗೆ,

ಮಾನ್ಯರೇ,

ಕನ್ನಡಕದ ಅಂಗಡಿಯ ಒಡತಿಯೊಬ್ಬಳು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಕಿವಿಗಳೂ ಕ್ಷೇಮವೆಂದೂ ನಂಬಿದ್ದೇನೆ. ಎರಡನೆಯದರ ಬಗ್ಗೆ ಮಾತ್ರ ತುಸು ಅನುಮಾನ.

ತಮ್ಮ ಆಟದಲ್ಲಿ ಹದಿನೆಂಟು ಸೆಕೆಂಡಿನ ಒಂದು ರಾಗವಿದೆ. ಮುಕ್ಕಾಲು ಗಂಟೆಯ ಪಂದ್ಯದಲ್ಲಿ ಅದು ನೂರೈವತ್ತು ಸಲ ಬರುತ್ತದೆ, ಹೊರಟುಹೋದ ನೆಂಟರು ಕೊಡೆ ಮರೆತೆವೆಂದು ಮತ್ತೆ ಮತ್ತೆ ಬಾಗಿಲು ತಟ್ಟುವ ಹಾಗೆ. ಇಂಥ ನಿಷ್ಠೆಯನ್ನು ನಾನು ಗಂಡನಲ್ಲೂ ಕಂಡಿಲ್ಲ. ಆದರೂ ಇಪ್ಪತ್ತೆಂಟು ವರ್ಷ ಸಹಿಸಿದೆವು. ಭಾನುವಾರ ಮಧ್ಯಾಹ್ನ ಅಕ್ಕ ಗೆಲ್ಲುವುದು, ನಾನು ಸೋಲುವುದು, ಇಬ್ಬರಿಗೂ ಅದು ರೂಢಿಯಾಗಿತ್ತು.

ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಎರಡು ವರ್ಷದ ಹಿಂದೆ ಅವಳ ಕಣ್ಣು ಹೋಯಿತು. ಊರಿಗೆಲ್ಲ ಕನ್ನಡಕ ಕೂರಿಸುವ ನನ್ನ ಅಂಗಡಿಯಲ್ಲಿ ಅವಳಿಗಾಗುವ ಗಾಜು ಒಂದೂ ಇರಲಿಲ್ಲ. ಆಟ ಹಚ್ಚಿದರೆ ಕಂಟ್ರೋಲರನ್ನು ನನ್ನ ಮಡಿಲಿಗೆ ದೂಡಿ, "ಎರಡೂ ಕಡೆ ನೀನೇ ಆಡ್ಕೋ" ಎಂದು ಗೋಡೆಯತ್ತ ತಿರುಗುತ್ತಿದ್ದಳು. ಗೆದ್ದವಳೂ ನಾನೇ, ಸೋತವಳೂ ನಾನೇ ಆದ ಆ ಭಾನುವಾರಗಳನ್ನು ತಮ್ಮ ಶತ್ರುವಿಗೂ ಹಾರೈಸಲಾರೆ.

ಕೊನೆಗೊಂದು ದಿನ ಅವಳೇ ಹೇಳಿದಳು: "ಚೆಂಡು ಬರೋವಾಗ ಸುಯ್ ಅನ್ನುತ್ತಲ್ಲ, ಅದು ಸರಿಯಾಗಿ ಕೇಳಿದ್ರೆ ಹೊಡೀತೀನಿ ಕಣೇ. ಈ ಪೀಪಿ ಬಿಡಲ್ಲ." ಸಂಗೀತವನ್ನಷ್ಟೇ ನಿಲ್ಲಿಸುವ ದಾರಿ ತಿಳಿಸಿರೆಂದು ತಮಗೆ ಬರೆದೆ. "ಸಂಗೀತವೇ ಈ ಆಟದ ಆತ್ಮ" ಎಂದು ತಾವು ಒಂದೇ ಸಾಲಿನಲ್ಲಿ ಉತ್ತರಿಸಿದಿರಿ. ತಮ್ಮ ರಾಗಕ್ಕೂ ಇಷ್ಟೇ ಸಂಕೋಚವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಆಗ ಕೈ ಹಾಕಿದವಳು ಅಕ್ಕನ ಮಗಳು, ಲಿಫ್ಟ್ ರಿಪೇರಿ ಮಾಡುವವಳು. ಕ್ಯಾಸೆಟ್ಟಿನಲ್ಲಿದ್ದ ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೂತಳು. ಮೊದಲ ಯತ್ನಕ್ಕೆ ಸಂಗೀತದ ಜೊತೆ ಚೆಂಡು, ಬ್ಯಾಟು, ಅಂಪೈರ್ ಎಲ್ಲರೂ ಮೂಕರಾದರು. ಎರಡನೆಯದಕ್ಕೆ ಮೊದಲ ಇನಿಂಗ್ಸ್ ಮುಗಿದದ್ದೇ ಆಟ ಕಲ್ಲಾಯಿತು. "ಬಾಗಿಲು ಮುಚ್ಕೊಳ್ಳೋ ತನಕ ಲಿಫ್ಟ್ ಏಳಲ್ಲ ಚಿಕ್ಕಮ್ಮ, ಇದೂ ಹಂಗೇ. ರಾಗ ಮುಗೀಲಿ ಅಂತ ಕಾಯ್ತಾ ಕೂತಿದೆ" ಎಂದಳು. ಮೂರನೆಯ ಸಲ ರಾಗವನ್ನು ಕಿತ್ತುಹಾಕದೆ, ಅದರ ಒಂದೊಂದು ಸ್ವರದ ಜಾಗದಲ್ಲೂ ಅಷ್ಟೇ ಉದ್ದದ ಮೌನ ತುಂಬಿದಳು. ತಮ್ಮ ಕೃತಿ ಈಗಲೂ ಆದಿಯಿಂದ ಅಂತ್ಯದವರೆಗೆ ನುಡಿಯುತ್ತಿದೆ, ಮಾನ್ಯರೇ. ಇಷ್ಟು ಸೊಗಸಾಗಿ ಅದು ಹಿಂದೆಂದೂ ನುಡಿದಿರಲಿಲ್ಲ.

ಆ ಭಾನುವಾರ ಕೋಣೆಯಲ್ಲಿ ಫ್ಯಾನನ್ನೂ ಆರಿಸಿ ಕೂತೆವು. ಸುಯ್. ಅಕ್ಕ ತಪ್ಪಿದಳು. ಸುಯ್. ಮತ್ತೆ ತಪ್ಪಿದಳು. ಮೂರನೆಯದಕ್ಕೆ ಠಕ್ ಎಂದಿತು. ಅಕ್ಕ ಎದ್ದೇ ನಿಂತಳು. "ಎಲ್ಲಿಗೆ ಹೋಯ್ತೇ?"

"ಮೈದಾನದ ಗೋಡೆ ಆಚೆಗೆ" ಎಂದು ಸೆರಗಿನಲ್ಲಿ ಮೂಗು ಸೀಟಿಕೊಂಡೆ.

"ಅತ್ತಿದ್ದು ಸಾಕು, ಮುಂದಿನ ಚೆಂಡು ಹಾಕು" ಎಂದಳು. ಹನ್ನೊಂದು–ಎರಡರಲ್ಲಿ ಸೋತೆ.

ಅಂದಿನಿಂದ ಏಳು ವಾರ ಸತತವಾಗಿ ಸೋಲುತ್ತಿದ್ದೇನೆ. ಆದುದರಿಂದ ನನ್ನ ವಿನಮ್ರ ಬೇಡಿಕೆಯೇನೆಂದರೆ, ಅಕ್ಕನಿಗೆ ಮಾತ್ರ ಕೇಳಿಸುವಂಥ ಹೊಸ ರಾಗವೊಂದನ್ನು ತಾವು ಕೂಡಲೇ ರಚಿಸಬೇಕು. ಅದಾಗದಿದ್ದರೆ ಪ್ರತಿ ಭಾನುವಾರ ಖುದ್ದಾಗಿ ದಯಮಾಡಿಸಿ, ಅವಳ ಕಿವಿಯ ಪಕ್ಕ ಕೂತು ಗುನುಗಬೇಕು. ಕಾಫಿ ನಮ್ಮದು.

ತಮ್ಮ ವಿಶ್ವಾಸಿ,
ಎರಡು ಕಣ್ಣಿದ್ದೂ ಸೋಲುವ ತಂಗಿ

ತಾ.ಕ.: ಪೀಪಿ ನಿಂತ ಮೇಲೆ ಅಕ್ಕ ಪತ್ತೆಹಚ್ಚಿದ ಒಂದು ಸಂಗತಿ: ತಮ್ಮ ಆಟದ ಪ್ರೇಕ್ಷಕರು ಹೊಡೆದರೂ, ಔಟಾದರೂ, ಏನೂ ಆಗದಿದ್ದರೂ ಒಂದೇ ತರಹ ಚಪ್ಪಾಳೆ ತಟ್ಟುತ್ತಾರೆ. ಇದನ್ನು ತಾವು ಭಾಷಣ ಮಾಡಿದ ಸಭೆಯಲ್ಲೇ ಧ್ವನಿಮುದ್ರಿಸಿಕೊಂಡಿರಬೇಕು ಎಂಬುದು ಅವಳ ಊಹೆ.