ಡ್ರೋನ್ ಹಾರಿಸಿದ ಸೋದರಮಾವ

ಎರಡು ವಸ್ತು ಮುಂದಿಟ್ಟರೆ ಒಳ್ಳೆಯದು ಯಾವುದೆಂದು ಆರಿಸುವುದರಲ್ಲಿ ನನ್ನಂಥವನು ನಾರಾಯಣಖೇಡದಲ್ಲೇ ಇಲ್ಲ ಎಂದು ಬಹಳ ವರ್ಷ ನಂಬಿದ್ದೆ. ಕಚೇರಿಗೆ ಫ್ಯಾನ್ ಕೊಳ್ಳುವುದಿದ್ದರೂ ನನ್ನನ್ನೇ ಕೇಳುತ್ತಿದ್ದರು. ನನ್ನ ಹೆಂಡತಿ ಸುಶೀಲಾ ಮಾತ್ರ ನನ್ನನ್ನು ಬದನೆಕಾಯಿ ತರಲು ಸಂತೆಗೆ ಕಳಿಸುವುದಿಲ್ಲ. "ನೀವು ಆರಿಸಿ ಮುಗಸೂದ್ರಾಗ ಸಂತಿ ಎದ್ದು ಹೋಗ್ತದರಿ" ಎನ್ನುತ್ತಾಳೆ. ಗುಣ ಬಲ್ಲವನಿಗೆ ಸ್ವಂತ ಮನೆಯಲ್ಲಿ ಬೆಲೆ ಎಲ್ಲಿದೆ!

ಹೀಗಿರುವಾಗ ರಾಯಿಕೋಡಿನಲ್ಲಿರುವ ನನ್ನ ಅಕ್ಕನ ಮಗಳು ಸವಿತಾಳ ಮದುವೆ ಗೊತ್ತಾಯಿತು. ಭಾವ ತೀರಿಕೊಂಡು ವರ್ಷಗಳಾಗಿವೆ. ಅಕ್ಕನಿಗೆ ತವರು ಎಂದರೆ ನಾನೊಬ್ಬನೇ. ನಮ್ಮಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಹುಡುಗಿಯ ಸೋದರಮಾವ, ತುದಿಗೆ ಲಿಂಬೆಹಣ್ಣು ಚುಚ್ಚಿದ ಕತ್ತಿ ಹಿಡಿದು ಅವಳ ಬೆನ್ನ ಹಿಂದೆ ನಿಲ್ಲಬೇಕು. ಇವಳ ಹಿಂದೆ ನಾವಿದ್ದೇವೆ ಎಂದು ಬೀಗರಿಗೆ ತೋರಿಸುವ ರೀತಿ ಅದು. ಅಪ್ಪನಿಲ್ಲದ ಹುಡುಗಿಗೆ ಅದು ಎಷ್ಟು ದೊಡ್ಡದೆಂದು ಅಕ್ಕನಿಗೆ ಗೊತ್ತಿತ್ತು.

"ತಮ್ಮಾ, ನೀ ಏನೂ ತರಬ್ಯಾಡ. ಟೈಮಿಗೆ ಬಂದು ಸವಿತಾನ ಹಿಂದ ನಿಂದ್ರು, ಸಾಕು" ಎಂದಳು.

ಇಷ್ಟು ಸಣ್ಣ ಕೆಲಸವೇ! ನನಗೆ ಅವಮಾನವಾಯಿತು. ಊರಲ್ಲಿ ಯಾರೂ ಕೊಡದ ಉಡುಗೊರೆ ಕೊಡಬೇಕೆಂದು ನಿಶ್ಚಯಿಸಿದೆ. ಮೇಲೆ, ಕೆಳಗೆ, ಸುತ್ತಮುತ್ತ ಎಲ್ಲವನ್ನೂ ಒಮ್ಮೆಗೇ ಚಿತ್ರ ಹಿಡಿಯುವ ಡ್ರೋನಿನಿಂದ ಮದುವೆಯ ಶೂಟಿಂಗ್!

ವಿಚಾರಿಸಿದಾಗ ಅಂಥವು ಎರಡು ಸಿಕ್ಕವು. ಒಂದು ಜಹೀರಾಬಾದಿನಲ್ಲಿ ಸ್ಟುಡಿಯೋ ಇಟ್ಟಿರುವ ಖಲೀಲ್ ಭಾಯಿಯ ಬಳಿ. ಇನ್ನೊಂದು ತಾಂಡೂರಿನಲ್ಲಿ, ಕಲ್ಲಿನ ಗಣಿಗಳ ಮೇಲೆ ಹಾರಿಸಲು ಒಬ್ಬ ವ್ಯಾಪಾರಿ ತರಿಸಿಕೊಂಡದ್ದು. ಖಲೀಲ್ ಭಾಯಿಯ ಡ್ರೋನಿಗೆ ಕಣ್ಣು ಪೂರ್ತಿ ಮುಚ್ಚುವ ದೊಡ್ಡ ಕನ್ನಡಕವಿತ್ತು. "ನೀವು ತಲಿ ಹ್ಯಾಂಗ ತಿರಗಸ್ತೀರಿ ಹಾಂಗ ಕಾಣಸ್ತದರಿ ಸಾಬ್. ಖುದ್ದು ಹಕ್ಕಿ ಆದಂಗ ಆಗ್ತದ" ಎಂದರು. ಹಾಕಿಕೊಂಡು ನೋಡಿದೆ. ಇದೇ ಸರಿ ಎನಿಸಿತು. ತಾಂಡೂರಿಗೆ ಹೋದೆ. ಅಲ್ಲಿಯದಕ್ಕೆ ಕನ್ನಡಕವಿಲ್ಲ, ಮೊಬೈಲಿನಲ್ಲೇ ಕಾಣುತ್ತದೆ. ಆದರೆ ಬಣ್ಣ ಗಾಢ, ಗಾಳಿಗೂ ಜಗ್ಗುವುದಿಲ್ಲ. ಅದೇ ಸರಿ ಎನಿಸಿತು. ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು ಮತ್ತೆ ಜಹೀರಾಬಾದಿಗೆ ಹೋದೆ. ಹೀಗೆ ಬಸ್ಸಿನಲ್ಲೇ ನನ್ನ ರಜೆಗಳೆಲ್ಲ ಸವೆದವು.

"ಆ ಹುಡುಗಿ ಗಂಡನ್ನ ಒಂದೇ ಸಲ ನೋಡಿ ಹೂಂ ಅಂದಾಳ. ನಿಮಗ ಒಂದು ಮಶೀನ್ ಆರಿಸಾಕ ಆಗವಲ್ದು!" ಎಂದಳು ಸುಶೀಲಾ. ಸೋದರಮಾವ ಉಡಿಸಬೇಕಾದ ಸೀರೆಯನ್ನು ಕಡೆಗೆ ಅವಳೇ ಹೋಗಿ ತಂದಳು.

ನಾನು ಮಧ್ಯಮಾರ್ಗ ಹಿಡಿದೆ. ಎರಡನ್ನೂ ಬಾಡಿಗೆಗೆ ತಂದೆ! ಎರಡನ್ನೂ ಮದುವೆಯಲ್ಲೇ ಪರೀಕ್ಷಿಸಿ, ಶ್ರೇಷ್ಠವಾದುದನ್ನು ಮುಹೂರ್ತಕ್ಕೆ ಬಳಸುವುದು. ತಮ್ಮ ಯಂತ್ರ ನನ್ನ ಕೈಯಲ್ಲಿದೆ ಎಂಬ ಭಯಕ್ಕೋ ಏನೋ, ಖಲೀಲ್ ಭಾಯಿ ಜೊತೆಗೇ ಬಂದರು.

ಬೆಳಿಗ್ಗೆ ಅರಿಸಿಣದ ಹೊತ್ತಿಗೆ ತಾಂಡೂರಿನದನ್ನು ಎಬ್ಬಿಸಿದೆ. ಅದರ ಗಾಳಿಗೆ ಅರಿಸಿಣ ಪುಡಿ ಹಾರಿ ಬೀಗರ ಬಿಳಿ ಅಂಗಿಗಳ ಮೇಲೆ ಕೂತಿತು. ಮರುದಿನದ ಊಟಕ್ಕೆಂದು ಕಟ್ಟಿದ್ದ ಕುರಿಗಳು ಅದರ ಸದ್ದಿಗೆ ಬೆದರಿ ಗೂಟ ಕಿತ್ತುಕೊಂಡು ಓಡಿದವು. ಬೀಗರು ಹೊಸ ಧೋತರ ಎತ್ತಿ ಕಟ್ಟಿಕೊಂಡು ಕುರಿಗಳ ಹಿಂದೆ ಓಡಿದರು. ತಾಂಡೂರಿನದು ಅನುತ್ತೀರ್ಣ ಎಂದು ನಾನು ಘೋಷಿಸಿದೆ!

ಮುಹೂರ್ತ ನಡು ಮಧ್ಯಾಹ್ನಕ್ಕೆ. ಮೇಲಿನಿಂದ ಮಂಟಪ ಕಾಣಬೇಕಲ್ಲ, ಅದಕ್ಕೆ ಶಾಮಿಯಾನದ ಬಟ್ಟೆ ಬಿಚ್ಚಿಸಿದೆ. ಜನ ಬಿಸಿಲಿಗೆ ಬೆಂದರು. ಬೆಂದವರು ಛತ್ರಿ ಬಿಚ್ಚಿದರು. ಕನ್ನಡಕ ಹಾಕಿಕೊಂಡು ಮಾಳಿಗೆಯ ಮೇಲೆ ಕೂತ ನನಗೆ ಬರೀ ಛತ್ರಿಗಳೇ ಕಂಡವು.

"ಭಾಯಿ, ಕೆಳಗ ಹೋಗಿ ಛತ್ರಿ ಮುಚ್ಚಸ್ರಿ!" ಎಂದೆ.

"ಕನ್ನಡಕ ಹಾಕ್ಕೊಂಡಾಗ ಬಾಜೂಕ ಒಬ್ಬರು ಇರಬೇಕ್ರಿ ಸಾಬ್..."

"ನಾ ಎಲ್ಲಾ ನೋಡಕೊಂತೀನಿ. ನೀವು ಹೋಗ್ರಿ!"

ಅವರು ಹೋದರು. ಛತ್ರಿಗಳು ಒಂದೊಂದಾಗಿ ಮುಚ್ಚಿದವು. ಆಹಾ, ಎಂಥ ನೋಟ! ತಲೆ ತಿರುಗಿಸಿದ ಕಡೆ ಮದುವೆ. ಅಷ್ಟರಲ್ಲಿ ಮೈಕಿನಲ್ಲಿ ಯಾರೋ ಕೂಗಿದರು: "ಹುಡುಗಿ ಸೋದರಮಾವ ಎಲ್ಲಿದ್ರೂ ಜಲ್ದಿ ಮಂಟಪಕ್ಕ ಬರಬೇಕು!"

ಎಂಥ ಹೊಣೆಗೇಡಿ ಎಂದು ನಕ್ಕೆ. ಮುಹೂರ್ತದ ಹೊತ್ತಿಗೆ ತಪ್ಪಿಸಿಕೊಳ್ಳುವುದೇ? ಇರಲಿ, ಎಲ್ಲಾ ದಿಕ್ಕು ಕಾಣುವ ಯಂತ್ರ ನನ್ನಲ್ಲಿರುವಾಗ ಆ ಮನುಷ್ಯನನ್ನು ನಾನೇ ಹುಡುಕಿಕೊಡುತ್ತೇನೆ ಎಂದು ಕತ್ತು ತಿರುಗಿಸತೊಡಗಿದೆ. ಅಡುಗೆಯ ಕಡೆ ನೋಡಿದೆ, ಇಲ್ಲ. ಬಾಗಿಲ ಕಡೆ ನೋಡಿದೆ, ಇಲ್ಲ. ಕಂಬದ ಪಕ್ಕ ಅಕ್ಕ ನಿಂತು ಬಾಗಿಲನ್ನೇ ನೋಡುತ್ತಿದ್ದಳು, ಸೆರಗಿನ ತುದಿ ಬಾಯಲ್ಲಿತ್ತು. ಪಾಪ ಎನಿಸಿತು. ಇನ್ನೂ ಸ್ವಲ್ಪ ತಿರುಗಿದೆ. ಮಾಳಿಗೆಯ ಮೇಲೆ ಒಬ್ಬ ಕೂತಿದ್ದ. ಹೊಸ ಅಂಗಿ, ಮುಖದ ಮೇಲೆ ಕರಿ ಡಬ್ಬಿ. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಕಣ್ಣು ಮುಚ್ಚಿಕೊಂಡು ಕತ್ತು ತಿರುಗಿಸುತ್ತಿದ್ದ. ಯಾರಪ್ಪಾ ಈ ಹುಚ್ಚ ಎಂದುಕೊಂಡೆ.

ಆ ಅಂಗಿ ಸುಶೀಲಾ ಹೊಲಿಸಿದ್ದು.

ಕನ್ನಡಕ ಕಿತ್ತು ಎದ್ದೆ. ತಲೆ ಗಿರ್ರನೆ ತಿರುಗಿತು, ಅಲ್ಲೇ ಕುಸಿದೆ. ಕೆಳಗೆ ಅಕ್ಕಿಕಾಳು ಬೀಳುತ್ತಿತ್ತು. ಸವಿತಾಳ ಬೆನ್ನ ಹಿಂದೆ ಲಿಂಬೆಹಣ್ಣಿನ ಕತ್ತಿ ಹಿಡಿದು ನೆಟ್ಟಗೆ ನಿಂತಿದ್ದರು, ಖಲೀಲ್ ಭಾಯಿ.

ಹೊತ್ತು ಮೀರುತ್ತಿತ್ತಂತೆ. ಬೀಗರಲ್ಲಿ ಒಬ್ಬರು, "ಹುಡುಗಿ ಕಡಿ ಯಾರೂ ಇಲ್ಲೇನು?" ಎಂದು ನಕ್ಕರಂತೆ. ಅಕ್ಕ ಸುತ್ತ ನೋಡಿ, ಛತ್ರಿ ಮುಚ್ಚಿಸುತ್ತಿದ್ದ ಭಾಯಿಯ ಕೈ ಹಿಡಿದು, "ಅಣ್ಣಾ, ಬಂದು ನಿಂದ್ರು" ಎಂದಳಂತೆ. ಸವಿತಾ ಒಮ್ಮೆ ಹಿಂದೆ ತಿರುಗಿ ನೋಡಿ ತಲೆ ತಗ್ಗಿಸಿದಳಂತೆ. ಇದನ್ನೆಲ್ಲ ಹೇಳಿದವಳು ಸುಶೀಲಾ. ಆ ದಿನ ಅವಳು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಆಯೇರಿ. ಬಂಧುಗಳಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವ ಹೊತ್ತು. ಸೋದರಮಾವನಿಗೆಂದು ಅಕ್ಕ ಜರಿಯ ರುಮಾಲು ತಂದಿಟ್ಟಿದ್ದಳು. ಕ್ಷಮೆ ಕೇಳೋಣ ಎಂದು ನಾನು ಮುಂದೆ ಹೋಗುವಷ್ಟರಲ್ಲಿ ಅವಳು ಖಲೀಲ್ ಭಾಯಿಯನ್ನು ಕುರ್ಚಿಯಲ್ಲಿ ಕೂರಿಸಿದಳು.

"ಅಕ್ಕಾ, ಇದು ಸಾಬ್‌ರದು. ನನಗ ಬ್ಯಾಡ್ರಿ" ಎಂದು ಅವರು ಏಳಹೋದರು.

"ಕುಂದ್ರು ಅಣ್ಣಾ. ಇದು ನಿಂತವರದು" ಎಂದಳು ಅಕ್ಕ.

ಆಮೇಲೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ತಮ್ಮಾ, ಇದನ್ನೂ ಶೂಟಿಂಗ್ ಮಾಡು."

ಮಾಡಿದೆ. ಬಹಳ ಚೆನ್ನಾಗಿ ಬಂದಿದೆ.