ಬಚ್ಚಲ ಮೂಲೆಯ ಏರಿಯಲ್

ಸ್ವಂತ ಮನೆಯಲ್ಲಿ ಮಾತು ನಡೆಯದ ಗಂಡಸರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಅರಳಿಕಟ್ಟೆಗೆ ಹೋಗಿ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಾರೆ. ಇನ್ನು ಕೆಲವರು ಅಷ್ಟಕ್ಕೂ ತೃಪ್ತರಾಗದೆ ಸಮುದ್ರದಾಚೆಯವರ ಹತ್ತಿರ ಮಾತಾಡಲು ಹೊರಡುತ್ತಾರೆ. ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ನಾನು ಈ ಎರಡನೆಯ ಗುಂಪಿನವನು. ಹವ್ಯಾಸಿ ರೇಡಿಯೋ ಎಂದು ಈ ಚಟಕ್ಕೆ ಹೆಸರು. ಸರ್ಕಾರದ ಪರವಾನಗಿ ಪಡೆದು, ಮನೆಯಲ್ಲೇ ಒಂದು ಪೆಟ್ಟಿಗೆ ಜೋಡಿಸಿಕೊಂಡು, ತಂತಿ ಆಫೀಸಿನವರ ಹಾಗೆ ಕಟಕಟ ಕುಟ್ಟಿದರೆ, ಎಲ್ಲೋ ದೂರದಲ್ಲಿ ಇದೇ ಹುಚ್ಚು ಹಿಡಿದ ಇನ್ನೊಬ್ಬ ಕೇಳಿಸಿಕೊಂಡು ತಿರುಗಿ ಕುಟ್ಟುತ್ತಾನೆ. ಯುದ್ಧ ಮುಗಿದ ಮೇಲೆ ಸರ್ಕಾರ ಇದಕ್ಕೆ ಮತ್ತೆ ಅಪ್ಪಣೆ ಕೊಟ್ಟಿತು. ಸೈನ್ಯದವರು ಮಾರಿದ ರೇಡಿಯೋ ವಾಲ್ವುಗಳನ್ನು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದು ನಾನು ಪೆಟ್ಟಿಗೆ ಕಟ್ಟಿದೆ. ಪಕ್ಕದ ಮನೆಯ ಮುನಿಶಾಮಪ್ಪ, ಮಗ್ಗ ಬಿಟ್ಟು ಎದ್ದು ಬಂದು, ಅದನ್ನು ಸುತ್ತಲೂ ನೋಡಿ, "ಹಾಡು ಬತ್ತದಾ ಮೇಷ್ಟ್ರೇ?" ಎಂದು ಕೇಳಿದ. ಬರುವುದಿಲ್ಲ ಎಂದೆ. "ಮತ್ಯಾಕೆ ಇಷ್ಟು ದೊಡ್ದು?" ಎಂದು ಎದ್ದು ಹೋದ.

ನನಗೆ ಬೇಕಾಗಿದ್ದು ಹಾಡಲ್ಲ, ಟಾಮ್. ಯುದ್ಧದಲ್ಲಿ ನಾನು ಸಿಗ್ನಲ್ ದಳಕ್ಕೆ ಸೇರಿ ಸಿಂಹಳದಲ್ಲಿದ್ದಾಗ, ಎರಡು ವರ್ಷ ಒಂದೇ ಗುಡಾರದಲ್ಲಿ ನನ್ನ ಜೊತೆ ಕೂತು ಕುಟ್ಟಿದವನು ಅವನು. ಆಸ್ಟ್ರೇಲಿಯಾದ ಪರ್ತ್ ಊರಿನವನು. ನನಗೆ ಮಲೇರಿಯಾ ಬಂದಾಗ ನನ್ನ ಪಾಳಿಯನ್ನೂ ತಾನೇ ಕುಟ್ಟಿ, ಯಾರಿಗೂ ಹೇಳದೆ ಸುಮ್ಮನಿದ್ದ ಪುಣ್ಯಾತ್ಮ. ಊರಿಗೆ ಹೋದ ಮೇಲೆ ಗಾಳಿಯಲ್ಲಿ ಮಾತಾಡೋಣ ಎಂದು ಇಬ್ಬರೂ ಕೈ ಮೇಲೆ ಕೈ ಹಾಕಿ ಹೇಳಿಕೊಂಡಿದ್ದೆವು.

ಮೊದಲು ನಾನು ಮನೆಯ ಸೂರಿನಿಂದ ಬೇವಿನ ಮರಕ್ಕೆ ಅಡ್ಡಡ್ಡ ತಂತಿ ಕಟ್ಟಿದ್ದೆ. ಅದರಲ್ಲಿ ಮೈಸೂರು, ಮದರಾಸು ಚೆನ್ನಾಗಿ ಕೇಳುತ್ತಿದ್ದವು, ಸಮುದ್ರ ದಾಟುತ್ತಿರಲಿಲ್ಲ. ದೂರ ಹೋಗಬೇಕಾದರೆ ಆ ತಂತಿ, ಅಂದರೆ ಏರಿಯಲ್, ನೆಟ್ಟಗೆ ನಿಂತಿರಬೇಕು, ಅದರ ಬುಡ ಭೂಮಿಯಲ್ಲಿ ಭದ್ರವಾಗಿ ಕೂಡಿರಬೇಕು ಎಂದು ಪುಸ್ತಕ ಹೇಳಿತು. ಸರಿ, ಎರಡು ಉದ್ದನೆಯ ಬಿದಿರುಗಳನ್ನು ಒಂದಕ್ಕೊಂದು ಬಿಗಿದು, ಮೇಲಿಂದ ಕೆಳಗೆ ತಂತಿ ಇಳಿಬಿಟ್ಟು, ಕಂಬ ಸಿದ್ಧಮಾಡಿದೆ. ನಡುಹಿತ್ತಲಿನಲ್ಲಿ ನೆಡಲು ಹೋದರೆ ನನ್ನ ಹೆಂಡತಿ ಪುಟ್ಟಮ್ಮ ಅಡ್ಡ ನಿಂತಳು. "ಅಲ್ರೀ, ಹಪ್ಪಳ ಎಲ್ಲಿ ಒಣಗಿಸ್ಲಿ? ಆ ಬಚ್ಚಲ ಮೂಲೇಲಿ ಬಾಳೆಗಿಡದ ಪಕ್ಕ ನೆಟ್ಕೊಳ್ಳಿ. ಯುಗಾದಿ ಹೊತ್ಗೆ ಅದು ಮಾತಾಡ್ದಿದ್ರೆ ಕಂಬ ನಂಗೆ. ಬಟ್ಟೆ ಒಣಗಾಕೋಕೆ ಬೇಕು" ಎಂದಳು. ಒಪ್ಪಿದೆ. ಒಪ್ಪದಿದ್ದರೂ ಅದೇ ಆಗುತ್ತಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ. ಬುಡದ ಸುತ್ತ ತಾಮ್ರದ ತಂತಿಗಳನ್ನು ಸೂರ್ಯನ ಕಿರಣದ ಹಾಗೆ ನಾಲ್ಕೂ ಕಡೆ ಹೂಳಬೇಕೆಂದು ಪುಸ್ತಕದಲ್ಲಿತ್ತು. ಆಗ ಅಷ್ಟು ತಾಮ್ರದ ತಂತಿ ಎಲ್ಲಿ ಸಿಗಬೇಕು? ಬಚ್ಚಲಮನೆಯಲ್ಲಿ ಒಂದು ತೂತು ಬಿದ್ದ ತಾಮ್ರದ ಹಂಡೆ ಬೋರಲು ಬಿದ್ದಿತ್ತು. ಮದುವೆಯಲ್ಲಿ ಪುಟ್ಟಮ್ಮನ ತವರಿನವರು ಕೊಟ್ಟದ್ದು. ಒಂದು ದಿನ ಅವಳೂ ನನ್ನ ಅವ್ವನೂ ಯಾರದೋ ಸೀಮಂತಕ್ಕೆ ಹೋಗಿದ್ದಾಗ, ಹಂಡೆಗೆ ತಂತಿ ಬಿಗಿದು, ಗುಂಡಿ ತೋಡಿ, ಕಂಬದ ಬುಡದಲ್ಲಿ ಹೂತುಬಿಟ್ಟೆ. ಹಂಡೆ ಕಾಣೆಯಾದ ಮೇಲೆ ಮನೆಯಲ್ಲಿ ಎರಡು ದಿನ ಹುಡುಕಾಟವಾಯಿತು. ನಾನೂ ಜೊತೆಯಲ್ಲಿ ಹುಡುಕಿದೆ. ಅಟ್ಟದ ಮೇಲೆ ಹತ್ತಿ ಕೂಡ ನೋಡಿದೆ.

ಇನ್ನು ಏರಿಯಲ್‌ನ ವಿಷಯ. ನಮ್ಮಲ್ಲಿ ಕೇಳಿದವನು ಕೇಳಿಸಿದ್ದಕ್ಕೆ ಒಂಬತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ. ಮಕ್ಕಳಿಗೆ ಅಂಕ ಕೊಟ್ಟು ಅಭ್ಯಾಸವಾದ ನನಗೆ, ದಿನಾ ಸಂಜೆ ಪರೀಕ್ಷೆಗೆ ಕೂತು ಅಂಕ ತೆಗೆದುಕೊಳ್ಳುವುದು ಎಂಥ ಕಷ್ಟ ಎಂದು ಆಗ ತಿಳಿಯಿತು. ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಸಿಂಗಪುರದವನು ಆರು ಕೊಟ್ಟ. ಕುಣಿದಾಡಿದೆ. ಮಾರನೆಯ ಸಂಜೆ ಏಳು. ಅದರ ಮಾರನೆಯ ದಿನ ಅದೇ ಮನುಷ್ಯ, ಅದೇ ಹೊತ್ತು, ಎರಡು! ಪೆಟ್ಟಿಗೆ ಬಿಚ್ಚಿ ನೋಡಿದೆ, ತಂತಿ ತಿಕ್ಕಿದೆ, ಕಂಬ ಅಲುಗಿಸಿದೆ. ಏನೂ ಕೆಟ್ಟಿರಲಿಲ್ಲ. ಎರಡು ತಿಂಗಳ ಅಂಕಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಮಂಗಳವಾರ, ಶುಕ್ರವಾರ, ಶನಿವಾರ ಕಂಬ ಪಾಸು. ಮಿಕ್ಕ ದಿನ ನಪಾಸು. ಅದರಲ್ಲೂ ಗುರುವಾರ ಸೊನ್ನೆಗಳ ಸಾಲು.

ಗಾಳಿಗೆ, ಬೆಳಕಿಗೆ, ಸೂರ್ಯನ ಕಲೆಗಳಿಗೆ ವಾರದ ಹೆಸರು ಗೊತ್ತಿರುವುದಿಲ್ಲ ಎಂದು ನನಗೆ ಗೊತ್ತು. ಮೂಢನಂಬಿಕೆಯ ಮೇಲೆ ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಭಾಷಣ ಮಾಡುವವನು ನಾನು. ಆದರೂ ಕಣ್ಣೆದುರಿನ ಹಾಳೆ ಸುಳ್ಳು ಹೇಳುತ್ತದೆಯೇ? ಮುನಿಶಾಮಪ್ಪನ ಕಿವಿಗೆ ಹಾಕಿದೆ. ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಮಂಗಳವಾರ ಶುಕ್ರವಾರ ಅಮ್ಮನೋರ ವಾರ. ಶನಿವಾರ ಹನುಮಂತರಾಯ, ಸಮುದ್ರ ಹಾರಿದೋನು. ನಿಮ್ ಕಂಬ ದಾಟ್ದೆ ಇದ್ದಾದಾ ಮೇಷ್ಟ್ರೇ? ಒಂದು ನಿಂಬೆಹಣ್ಣು ಕಟ್ಟಿ, ದೃಷ್ಟಿ ತೆಗೀರಿ" ಎಂದ. ನಾನು ನಕ್ಕೆ. ನಿಂಬೆಹಣ್ಣು ಕಟ್ಟಲಿಲ್ಲ ಎಂದು ಇಲ್ಲಿ ಬರೆಯಲು ನನಗೂ ಆಸೆಯೇ. ಆದರೆ ಬರೆದದ್ದನ್ನು ಪುಟ್ಟಮ್ಮ ಓದುತ್ತಾಳೆ.

ಅಷ್ಟರಲ್ಲಿ ಟಾಮ್‌ನಿಂದ ಕಾಗದ ಬಂತು. ಅವನಿಗೆ ದೂರದ ಒಳನಾಡಿನ ಗಣಿಯಲ್ಲಿ ಕೆಲಸ ಸಿಕ್ಕಿತ್ತು. ರೇಡಿಯೋ ಬಿಚ್ಚಿ ಮಾರಿ ಹೋಗುವವನಿದ್ದ. ಅದಕ್ಕೆ ಮುಂಚೆ ಇಂಥ ದಿನ, ನಮ್ಮ ಊರಿನಲ್ಲಿ ಸಂಜೆಗತ್ತಲಾಗುವ ಹೊತ್ತಿಗೆ, ಕಿವಿಗೆ ಹಚ್ಚಿಕೊಂಡು ಕಾಯುತ್ತೇನೆ, ಒಂದೇ ಒಂದು ಸಲ ಬಾ ಎಂದು ಬರೆದಿದ್ದ. ದಿನ ಎಣಿಸಿ ನೋಡಿದೆ. ಗುರುವಾರ! ಬೇರೆ ದಿನ ಹೇಳಿ ಕಾಗದ ಬರೆಯೋಣವೆಂದರೆ ಅದು ಅವನ ಕೈ ಸೇರುವ ಹೊತ್ತಿಗೆ ಅವನು ಗಣಿ ಸೇರಿರುತ್ತಿದ್ದ. ನಿಜವಾಗಿ ದುಃಖವಾಯಿತು. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

"ಯಾಕ್ರೀ ಹಿಂಗ್ ಕೂತಿದೀರಾ?" ಎಂದಳು ಪುಟ್ಟಮ್ಮ. ಎಲ್ಲವನ್ನೂ ಹೇಳಿದೆ, ಹಂಡೆಯೊಂದನ್ನು ಬಿಟ್ಟು. ವಾರಗಳ ಲೆಕ್ಕವನ್ನೂ ಹೇಳಿದೆ. ಅವಳು ಸಾರು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು.

"ಅಲ್ರೀ, ಮಂಗಳವಾರ ಶುಕ್ರವಾರ ನಾನೂ ಅತ್ತೇನೂ ಎಣ್ಣೆನೀರು ಹಾಕ್ಕೊಳ್ಳೋ ದಿನ. ಶನಿವಾರ ನೀವು ಹಾಕ್ಕೊಳ್ಳೋದು. ಮಿಕ್ಕ ದಿನ ಬಾವೀಲಿ ನೀರಿಲ್ಲ ಅಂತ ಎರಡೆರಡು ಚೊಂಬಲ್ಲಿ ಮುಗಿಸ್ತೀವಿ. ಎಣ್ಣೆನೀರಿನ ದಿನ ತಾನೇ ಆ ಮೂಲೆಗೆ ನೀರು ತುಂಬಿ ಹರಿಯೋದು?"

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದೆ, ಮೇಷ್ಟ್ರ ದನಿಯಲ್ಲಿ.

"ನಂಗೇನ್ ಗೊತ್ತು? ಒಣಗಿದ ನೆಲದಲ್ಲಿ ಹಂಡೆ ಹೂತ್ರೆ ಏನ್ ಕೆಲ್ಸ ಮಾಡ್ತದೆ?"

ಮುದ್ದೆ ಈಗ ನಿಜವಾಗಿಯೂ ಗಂಟಲಲ್ಲಿ ಸಿಕ್ಕಿಕೊಂಡಿತು. ಅವ್ವ ಮೂಲೆಯಿಂದ, "ಮೊದ್ಲು ನೀರು ಕುಡಿಯೋ. ಗುದ್ದಲಿ ತೊಳೀದೆ ಇಟ್ಟಿದ್ದೆಯಲ್ಲೋ, ಅವತ್ತೇ ಗೊತ್ತಾಯ್ತು. ಮಣ್ಣು ಬೇರೆ ದಿಬ್ಬ ಆಗಿತ್ತು" ಎಂದಳು. "ಅಟ್ಟ ಹತ್ತಿ ಬೇರೆ ಹುಡುಕಿದ್ರು, ಪಾಪ" ಎಂದು ಪುಟ್ಟಮ್ಮ ಸೇರಿಸಿದಳು. ಎಂದರೆ ಎರಡು ತಿಂಗಳು ಅತ್ತೆ ಸೊಸೆ ಇಬ್ಬರೂ ಬಾಯಿ ಬಿಡದೆ ನನ್ನನ್ನು ನೋಡುತ್ತಿದ್ದರು. ತೇವವಿರುವ ಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಒಣಮಣ್ಣಿನಲ್ಲಿ ಹರಿಯುವುದಿಲ್ಲ; ಈ ವಾಕ್ಯವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಬರೆಸುತ್ತೇನೆ. ತಪ್ಪಿದವರಿಗೆ ಹತ್ತು ಸಲ ಬರೆಯಿಸುತ್ತೇನೆ.

ಗುರುವಾರ ಸಂಜೆ ಶಾಲೆಯಿಂದ ಬಂದಾಗ ಬಾವಿಯ ರಾಟೆ ಕಿರುಗುಡುತ್ತಿತ್ತು. ಅದು ಎಂಥ ಬೇಸಿಗೆ ಎಂದರೆ ಬಾವಿಯಲ್ಲಿ ತಳದ ಕಲ್ಲು ಕಾಣುತ್ತಿತ್ತು. ಕೆಸರು ಬೆರೆತ ಆ ಒಂದೊಂದು ಕೊಡಕ್ಕೂ ಹಗ್ಗ ಎಷ್ಟು ಹೊತ್ತು ಎಳೆಯಬೇಕು! ಅತ್ತೆ ಸೇದುತ್ತಿದ್ದಳು, ಸೊಸೆ ಹೊತ್ತು ಕಂಬದ ಬುಡಕ್ಕೆ ಸುರಿಯುತ್ತಿದ್ದಳು. ನಾನು ಹಗ್ಗಕ್ಕೆ ಕೈ ಹಾಕಿದರೆ, "ನೀವು ಹೋಗಿ ಕುಟ್ಟಿ, ಹೊತ್ತಾಯ್ತು" ಎಂದು ಪುಟ್ಟಮ್ಮ ಅಟ್ಟಿದಳು. ಇಪ್ಪತ್ತು ಕೊಡ ಸುರಿದಿದ್ದರೆಂದು ಆಮೇಲೆ ತಿಳಿಯಿತು.

ಕುಟ್ಟಿದೆ. ನಿಲ್ಲಿಸಿ ಕೇಳಿದೆ. ಮತ್ತೆ ಕುಟ್ಟಿದೆ. ಮೂರನೆಯ ಸಲ, ಕಡಲೆ ಹುರಿಯುವಂಥ ಸದ್ದಿನ ನಡುವೆ ಟಾಮ್‌ನ ಕೈ ಕೇಳಿಸಿತು. ಹೆಸರು ಹೇಳಬೇಕಾಗಿರಲಿಲ್ಲ, ಅವನು ಕುಟ್ಟುವಾಗ ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುತ್ತಾನೆ. ಏಳು ಅಂಕ ಕೊಟ್ಟ. ಮಲೇರಿಯಾ ಹೇಗಿದೆ ಎಂದು ಕೇಳಿದ. ನನ್ನ ಕಣ್ಣು ಮಂಜಾಯಿತು. ಕೈ ತಪ್ಪಿ ಎರಡಕ್ಷರ ಕೆಟ್ಟವು. ಇಷ್ಟು ಚೆನ್ನಾಗಿ ಕೇಳುತ್ತಿದೆಯಲ್ಲ, ಏರಿಯಲ್‌ಗೆ ಏನು ಮಾಡಿದೆ ಎಂದು ಕೇಳಿದ. ಪುಟ್ಟಮ್ಮ ಒದ್ದೆ ಸೆರಗು ಹಿಂಡುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಸ್ವಲ್ಪ ಯೋಚಿಸಿ, ಭೂಸಂಪರ್ಕದಲ್ಲಿ ನಾನೇ ಕೆಲವು ಸುಧಾರಣೆಗಳನ್ನು ಮಾಡಿದ್ದೇನೆ ಎಂದು ಕುಟ್ಟಿದೆ.

"ಏನಂದ್ರು?" ಎಂದಳು.

"ನಿನ್ನ ಬಗ್ಗೇನೇ ಹೇಳಿದೆ" ಎಂದೆ.

"ನಿಜವಾಗ್ಲೂ?" ಎಂದು ಅವಳು ನಕ್ಕ ನಗು ಎಷ್ಟು ಚೆನ್ನಾಗಿತ್ತೆಂದರೆ ನನಗೆ ತಡೆಯಲಾಗಲಿಲ್ಲ. ತಿರುಗಿ ಕುಳಿತು, ಸುಧಾರಣೆ ಎಂದದ್ದು ಸುಳ್ಳು, ನನ್ನ ಹೆಂಡತಿ ಪುಟ್ಟಮ್ಮ ನೀರು ಹೊತ್ತಳು ಎಂದು ಸಮುದ್ರದಾಚೆಗೆ ಕುಟ್ಟಿದೆ. ಟಾಮ್ ಉತ್ತರ ಕೊಟ್ಟ: ಅವಳಿಗೆ ಒಂಬತ್ತಕ್ಕೆ ಒಂಬತ್ತು.

ಅದನ್ನು ಅವಳಿಗೆ ಹೇಳಿದ್ದು ನನ್ನ ಜೀವನದ ದೊಡ್ಡ ತಪ್ಪು. ಯುಗಾದಿ ಕಳೆಯಿತು. ಕಂಬ ಮಾತಾಡಿತಾದ್ದರಿಂದ ನನಗೇ ಉಳಿಯಿತು. ಬಟ್ಟೆ ಒಣಗುವುದೂ ಅದರ ಮೇಲೆಯೇ. ತವರಿನ ಹಂಡೆಗೆ ಬದಲಾಗಿ ಹೊಸ ಹಂಡೆ ಬಂತು. ಬಾಳೆ ಗೊನೆ ಬಿಟ್ಟಿತು. ಒಂಬತ್ತಕ್ಕೆ ಒಂಬತ್ತು ಬಂದವಳ ಅಪ್ಪಣೆಯಂತೆ ದಿನಾ ಸಂಜೆ ಬಾವಿಯಿಂದ ನೀರು ಸೇದಿ ಕಂಬದ ಬುಡಕ್ಕೆ ಹಾಕುವವನು ಈಗ ನಾನೇ. ಆರನೆಯ ಕೊಡಕ್ಕೆ ಸೊಂಟ ಹಿಡಿದು, "ಇವತ್ತಿಗೆ ಸಾಕು ಕಣೇ" ಎಂದು ಅಡಿಗೆಮನೆಯ ಕಡೆ ಕೂಗುತ್ತೇನೆ. ಪರ್ತ್‌ನವರೆಗೆ ಹೋದ ಮಾತು ಅಲ್ಲಿಯವರೆಗೆ ಹೋಗುವುದಿಲ್ಲ. ಏಳನೆಯ ಕೊಡ ಸೇದುತ್ತೇನೆ.